ಬೋರ್ಡು ನೋಡಿ ಲ್ಯಾಬು ನಂಬಬೇಡಿ

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ನಡೆದು ಹೋಗುವ ದಾರಿಯಲ್ಲಿ ನಾಲ್ಕು ರಕ್ತಪರೀಕ್ಷೆಯ ಲ್ಯಾಬುಗಳಿವೆ. ಒಂದರ ಬೋರ್ಡಿನ ಮೇಲೆ 'ಐಎಸ್‌ಒ 9001 ಸರ್ಟಿಫೈಡ್' ಅಂತಿದೆ. ಇನ್ನೊಂದರ ಮೇಲೆ ಕೆಪಿಎಂಇ ನೋಂದಣಿ ಸಂಖ್ಯೆ, ಅದರ ಪಕ್ಕ 'ಸರ್ಕಾರಿ ಮಾನ್ಯತೆ ಪಡೆದದ್ದು' ಅನ್ನೋ ಸಾಲು. ಮೂರನೆಯದಕ್ಕೆ 'ಎನ್‌ಎಬಿಎಲ್' ಮುದ್ರೆ. ನಾಲ್ಕನೆಯದಕ್ಕೆ ಇದ್ಯಾವುದೂ ಇಲ್ಲ, ಬದಲಿಗೆ ಶೇಕಡ 50 ರಿಯಾಯಿತಿ ಇದೆ. ಅಲ್ಲೇ ಜನ ಜಾಸ್ತಿ :)

ಮೊದಲ ಮೂರು ಬೋರ್ಡುಗಳು ಒಂದೇ ಮಾತು ಹೇಳ್ತಿವೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ ಸ್ವಾಮಿ, ಮೂರೂ ಬೇರೆ ಬೇರೆ. ಐಎಸ್‌ಒ 9001 ಅನ್ನೋದನ್ನ ಲ್ಯಾಬೇ ಪಡೆಯಬೇಕು ಅಂತೇನಿಲ್ಲ, ಹಪ್ಪಳ ಮಾಡುವವರೂ ಪಡೆಯಬಹುದು, ಕೊರಿಯರ್ ಕಂಪನಿಯೂ ಪಡೆಯಬಹುದು. ಈ ಸಂಸ್ಥೆ ತನ್ನ ಕೆಲಸವನ್ನು ಒಂದು ಕ್ರಮದಲ್ಲಿ ನಡೆಸುತ್ತೆ, ದಾಖಲೆ ಇಡುತ್ತೆ, ದೂರು ಬಂದರೆ ನೋಡುತ್ತೆ, ಇಷ್ಟು ಅದರ ಅರ್ಥ. ಅಲ್ಲಿ ಕೂತವನಿಗೆ ಅಳೆಯೋಕೆ ಬರುತ್ತೋ ಇಲ್ಲವೋ ಅಂತ ಅದು ಕೇಳುವುದಿಲ್ಲ. ಕೆಪಿಎಂಇ ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಕೆಳಗೆ ಆದ ನೋಂದಣಿ. ಬಾಗಿಲು ತೆರೆಯೋಕೆ ಬೇಕಾದ ಪರವಾನಗಿ ಅದು. ಮೂರನೆಯದು ಮಾತ್ರ 'ನಿನಗೆ ಈ ಪರೀಕ್ಷೆ ಮಾಡೋಕೆ ಬರುತ್ತಾ, ಮಾಡಿ ತೋರಿಸು' ಅಂತ ಕೇಳುವ ಜಾತಿಯದು. ಇಂಗ್ಲಿಷಿನಲ್ಲಿ ಅಕ್ರೆಡಿಟೇಶನ್ ಅಂತಾರೆ. ಕನ್ನಡದಲ್ಲಿ ನಾವು ಇದಕ್ಕೂ ಮಾನ್ಯತೆ ಅಂತೀವಿ, ಶಾಲೆಗೂ ಮಾನ್ಯತೆ ಅಂತೀವಿ, ಪಕ್ಷಕ್ಕೂ ಮಾನ್ಯತೆ ಅಂತೀವಿ. ಗೊಂದಲ ಅರ್ಧ ಅಲ್ಲೇ ಹುಟ್ಟುತ್ತೆ.

ಹಾಗಾದರೆ ಎನ್‌ಎಬಿಎಲ್ ಇದ್ದರೆ ಕಣ್ಣುಮುಚ್ಚಿ ನಂಬಬಹುದಾ? ನಾನು ಜಗಳ ತೆಗೆಯಬೇಕು ಅಂತಿರೋದು ಇಲ್ಲೇ. ಲ್ಯಾಬಿಗೆ ಮಾನ್ಯತೆ ಅನ್ನೋದು ಕಟ್ಟಡಕ್ಕೆ ಕೊಡುವುದಲ್ಲ, ಕಂಪನಿಗೆ ಕೊಡುವುದೂ ಅಲ್ಲ. ಒಂದೊಂದು ಪರೀಕ್ಷೆಗೆ ಕೊಡುವುದು. ನೀರಿನಲ್ಲಿ ಫ್ಲೋರೈಡ್ ಅಳೆಯೋಕೆ ಮಾನ್ಯತೆ ಇರುವ ಲ್ಯಾಬಿಗೆ ಅದೇ ನೀರಿನ ಆರ್ಸೆನಿಕ್ ಅಳೆಯೋಕೆ ಇರಬೇಕು ಅಂತಿಲ್ಲ. ಯಾವ ವಸ್ತು, ಅದರಲ್ಲಿ ಏನು, ಯಾವ ವಿಧಾನದಲ್ಲಿ, ಎಷ್ಟರಿಂದ ಎಷ್ಟರವರೆಗೆ ಅಂತ ಉದ್ದದ ಪಟ್ಟಿ ಇರುತ್ತದೆ. ಅದಕ್ಕೆ ಸ್ಕೋಪ್ ಅಂತಾರೆ. ಎನ್‌ಎಬಿಎಲ್‌ನವರ ತಾಣದಲ್ಲಿ ಲ್ಯಾಬಿನ ಹೆಸರು ಕೊಟ್ಟು ಹುಡುಕಿದರೆ ಈ ಪಟ್ಟಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಬೋರ್ಡಿನ ಮೇಲಿನ ಮುದ್ರೆ ನೋಡುವವರು ಸಾವಿರ, ಪಟ್ಟಿ ತೆಗೆದು ನೋಡುವವರು ಒಬ್ಬರೋ ಇಬ್ಬರೋ.

ಈ ಪಟ್ಟಿ ನೋಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇಡೀ ದೇಶಕ್ಕೆ ಗೊತ್ತಿರುವ ಕತೆಯೊಂದಿದೆ. ಆದರೆ ಆ ಕತೆಯ ಈ ಭಾಗ ಯಾರಿಗೂ ನೆನಪಿಲ್ಲ.

2015ರ ಮ್ಯಾಗಿ ಗಲಾಟೆ ನೆನಪಿದೆಯಲ್ಲ? ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಸ್ಯಾಂಪಲ್ಲು ಕೋಲ್ಕತ್ತಾದ ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಹೋಗಿ, 17.2 ಪಿಪಿಎಂ ಸೀಸ ಇದೆ ಅಂತ ವರದಿ ಬಂತು. ಮಿತಿ ಇದ್ದದ್ದು 2.5. ಟಿವಿಯವರಿಗೆ ಹಬ್ಬ. ಒಂದೊಂದೇ ರಾಜ್ಯ ತನ್ನ ತನ್ನ ಲ್ಯಾಬುಗಳಲ್ಲಿ ಪರೀಕ್ಷೆ ಮಾಡಿಸಿತು, ಕೆಲವು ಕಡೆ ಜಾಸ್ತಿ ಬಂತು, ಕೆಲವು ಕಡೆ ಮಿತಿಯೊಳಗೇ ಬಂತು. ಜೂನ್ 5ಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ದೇಶವ್ಯಾಪಿ ನಿಷೇಧದ ಆದೇಶ ಹೊರಡಿಸಿತು. ಸಾವಿರಾರು ಟನ್ ನೂಡಲ್ಸ್ ವಾಪಸ್ ತರಿಸಿ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಟ್ಟರು.

ಅದೇ ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ಕಂಪನಿಯ ಮಾತು ಸರಿಯಾಗಿ ಕೇಳದೆ ಆದೇಶ ಹೊರಡಿಸಿದಿರಿ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ವಿಷಯದ್ದು. ಆಹಾರ ಸುರಕ್ಷತೆ ಮತ್ತು ಮಾನದಂಡಗಳ 2006ರ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರೀಕ್ಷೆ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಆಗಬೇಕು. ಸರ್ಕಾರ ಆಧಾರವಾಗಿ ಮುಂದಿಟ್ಟ ವರದಿಗಳ ಲ್ಯಾಬುಗಳಿಗೆ ಆ ಮಾನ್ಯತೆ ಇರಲಿಲ್ಲ, ಕೆಲವಕ್ಕೆ ಮಾನ್ಯತೆ ಇದ್ದರೂ ಸೀಸದ ಪರೀಕ್ಷೆಗೆ ಇರಲಿಲ್ಲ ಅಂತ ಕೋರ್ಟ್ ಹೇಳಿತು. ಮತ್ತೊಮ್ಮೆ ಓದಿ: ಮಾನ್ಯತೆ ಇತ್ತು, ಸೀಸಕ್ಕೆ ಇರಲಿಲ್ಲ. ಆಮೇಲೆ ಕೋರ್ಟೇ ಮೊಹಾಲಿ, ಹೈದರಾಬಾದ್, ಜೈಪುರದ ಮೂರು ಮಾನ್ಯತೆ ಪಡೆದ ಲ್ಯಾಬುಗಳಿಗೆ ಸ್ಯಾಂಪಲ್ ಕಳಿಸಿತು. ಅಕ್ಟೋಬರಿನಲ್ಲಿ ಮೂರೂ ಕಡೆಯಿಂದ ಸೀಸ ಮಿತಿಯೊಳಗಿದೆ ಅಂತ ಬಂತು, ನವೆಂಬರಿನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಕೇಂದ್ರ ಸರ್ಕಾರ ಗ್ರಾಹಕ ಆಯೋಗದಲ್ಲಿ ಹೂಡಿದ್ದ 640 ಕೋಟಿಯ ದಾವೆ ಮಾತ್ರ ಇನ್ನೂ ವರ್ಷಗಟ್ಟಲೆ ಎಳೆಯಿತು. ಅದರಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಪರೀಕ್ಷೆ ಮಾಡಿ ವರದಿ ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಆ ದಾವೆಯೂ ವಜಾ ಆಯಿತು.

ಕಂಪನಿ ಗೆದ್ದಿತು ಅಂತ ನನಗೆ ಬೇಜಾರಿಲ್ಲ, ಸೋಲಬೇಕಿತ್ತು ಅಂತಲೂ ಅಲ್ಲ. ನನ್ನ ತಕರಾರು ಬೇರೆ. ನಿಷೇಧಕ್ಕೆ ಮೊದಲು ಬಂದ ಆ ಅಂಕಿಗಳು ಇವತ್ತಿಗೂ ಗಾಳಿಯಲ್ಲೇ ಇವೆ. ಆ ಪೊಟ್ಟಣಗಳಲ್ಲಿ ನಿಜವಾಗಿ ಸೀಸ ಜಾಸ್ತಿ ಇತ್ತಾ? ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಆಮೇಲೆ ಪರೀಕ್ಷೆಯಾದದ್ದು ಬೇರೆ ಪೊಟ್ಟಣಗಳು. ಮಕ್ಕಳಿಗೆ ತಿನ್ನಿಸಿದ ತಾಯಂದಿರಿಗೂ ಉತ್ತರ ಸಿಗಲಿಲ್ಲ, ಕೆಲಸ ಕಳೆದುಕೊಂಡ ಕಾಂಟ್ರಾಕ್ಟ್ ಕಾರ್ಮಿಕರಿಗೂ ಸಿಗಲಿಲ್ಲ. ಸುಳ್ಳು ಅಂಕಿಗಿಂತ ಕೆಟ್ಟದ್ದು ಸುಳ್ಳೋ ನಿಜವೋ ಅಂತ ಹೇಳಲಾಗದ ಅಂಕಿ. ಲ್ಯಾಬಿನ ಮಾನ್ಯತೆ ಅಂದರೆ ಬರೀ ಕಾಗದದ ಕೆಲಸ ಅಂತ ಮೂಗು ಮುರಿಯುವವರಿಗೆ ನಾನು ಈ ಕತೆ ಹೇಳ್ತೀನಿ.

ಮಾನ್ಯತೆ ಕೊಡುವಾಗ ಏನು ನೋಡ್ತಾರೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಪರೀಕ್ಷೆ ಮತ್ತು ಕ್ಯಾಲಿಬ್ರೇಶನ್ ಲ್ಯಾಬುಗಳಿಗೆ ಐಎಸ್‌ಒ/ಐಇಸಿ 17025 ಅನ್ನೋ ಮಾನದಂಡ ಇದೆ. 1999ರಲ್ಲಿ ಬಂತು, 2005ರಲ್ಲೂ 2017ರಲ್ಲೂ ಪರಿಷ್ಕರಣೆ ಆಯಿತು. ರಕ್ತ ಮೂತ್ರದ ಲ್ಯಾಬುಗಳಿಗೆ ಬೇರೆ, ಐಎಸ್‌ಒ 15189. ಕ್ಲಾಸುಗಳ ನಂಬರು ಹೇಳಿ ನಿಮಗೆ ನಿದ್ದೆ ಬರಿಸಲ್ಲ. ಮುಖ್ಯವಾದ ಮೂರು ಸಂಗತಿಗಳಲ್ಲಿ ಮೊದಲನೆಯದು, ನಿನ್ನ ಉಪಕರಣ ಸರಿ ಇದೆ ಅಂತ ಯಾರು ಹೇಳಿದರು, ಅವರದ್ದು ಸರಿ ಇದೆ ಅಂತ ಯಾರು ಹೇಳಿದರು ಅಂತ ಕೇಳುತ್ತಾ ಕೇಳುತ್ತಾ ಮೇಲಕ್ಕೆ ಹೋಗುವುದು. ನಮ್ಮ ಕಾರ್ಖಾನೆಯ ತೂಕದ ಬಟ್ಟು, ಅದನ್ನು ನೋಡಿದ ಲ್ಯಾಬಿನ ಬಟ್ಟು, ಅದಕ್ಕಿಂತ ಮೇಲಿನದು, ಹೀಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ. ಅಲ್ಲಿಂದಾಚೆ ಪ್ಯಾರಿಸ್ ಹತ್ತಿರ ಇಟ್ಟಿದ್ದ ಪ್ಲಾಟಿನಮ್ ಇರಿಡಿಯಮ್ ಗುಂಡು ಇತ್ತು. 2019ರ ಮೇ 20ರಿಂದ ಅದರ ಕೆಲಸ ಮುಗಿದು ಕಿಲೋಗ್ರಾಮನ್ನು ಪ್ಲಾಂಕ್ ಸ್ಥಿರಾಂಕದಿಂದ ಹೇಳ್ತಾರೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕೆಳಗಿನದೆಲ್ಲ ಬರೀ ನಂಬಿಕೆ.

ಇದೇನು ಬಿಳಿಯರು ತಂದ ಹೊಸ ವಿಚಾರ ಅಲ್ಲ ಬಿಡಿ. ಬಳ್ಳಿಗಾವಿ ಕಡೆಯ ಶಾಸನಗಳಲ್ಲಿ ಭೂಮಿ ಅಳೆದ ಗಳೆಯ ಹೆಸರನ್ನೂ ಹೇಳ್ತಾರೆ, ಭೇರುಂಡ ಗಳೆ ಅಂತ. ಬರೀ 'ಇಷ್ಟು ಗಳೆ ಭೂಮಿ ಕೊಟ್ಟೆವು' ಅಂದರೆ ಯಾವ ಗಳೆ ಅಂತ ಮುಂದೆ ಜಗಳ ಆಗುತ್ತೆ ಅಂತ ಅವರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ನಮ್ಮಜ್ಜಿಯ ಕಾಲದಲ್ಲೂ ಊರಿಗೊಂದು ಸೇರು, ಕಚ್ಚಾ ಸೇರು, ಪಕ್ಕಾ ಸೇರು. ಕೊಳ್ಳುವ ಕೊಳಗ ಬೇರೆ, ಕೊಡುವ ಕೊಳಗ ಬೇರೆ ಇಟ್ಟುಕೊಂಡ ಸಾಹುಕಾರರ ಕತೆ ಎಲ್ಲ ಊರಲ್ಲೂ ಇದೆ.

ಎರಡನೆಯದು ಒಂದೇ ಸ್ಯಾಂಪಲ್ಲನ್ನು ಹಲವು ಲ್ಯಾಬುಗಳಿಗೆ ಕಳಿಸಿ ಉತ್ತರ ಹೋಲಿಸುವುದು. ಒಂದೇ ಪಾತ್ರೆಯ ಸಾರನ್ನು ಹತ್ತು ಮನೆಗೆ ಕಳಿಸಿ ಉಪ್ಪು ಎಷ್ಟಿದೆ ಹೇಳಿ ಅಂದ ಹಾಗೆ. ಒಂಬತ್ತು ಮನೆಯವರು ಸರಿ ಇದೆ ಅಂದು ಹತ್ತನೆಯವರು ಉಪ್ಪುಪ್ಪು ಅಂದರೆ ಅವರ ನಾಲಿಗೆ ನೋಡಿಸಬೇಕು. ಪ್ರೊಫಿಶಿಯೆನ್ಸಿ ಟೆಸ್ಟಿಂಗ್ ಅಂತ ಇದರ ಹೆಸರು. ಇದರಲ್ಲೂ ಪಕ್ಕದ ಲ್ಯಾಬಿಗೆ ಫೋನ್ ಮಾಡಿ 'ನಿಂಗೆಷ್ಟು ಬಂತು ಮಾರಾಯ' ಅಂತ ಕೇಳುವವರು ಇರ್ತಾರೆ, ಪರೀಕ್ಷೆ ಅಂದಮೇಲೆ ಕಾಪಿ ಇರಲೇಬೇಕಲ್ಲ. ಆದರೂ ಫೈಲು ನೋಡುವುದಕ್ಕಿಂತ ಇದು ಎಷ್ಟೋ ವಾಸಿ. ಫೈಲನ್ನು ಹಿಂದಿನ ವಾರ ಕೂತು ಬರೆಯಬಹುದು, ಸ್ಯಾಂಪಲ್ಲಿನ ಉತ್ತರವನ್ನು ಕೈಗೆ ಬಂದಂತೆ ಬರೆದರೆ ಸಿಕ್ಕಿಬೀಳ್ತೀರಿ.

ಮೂರನೆಯದಕ್ಕೆ ಕೊನೆಯಲ್ಲಿ ಬರ್ತೀನಿ. ಅದೇ ನನಗೆ ಎಲ್ಲಕ್ಕಿಂತ ಮುಖ್ಯ.

ನಾನು ಪೀಣ್ಯದ ಕಡೆ ಒಂದು ಮಶಿನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವವನು. ರಕ್ತದ ವಿಷಯದಲ್ಲಿ ನನ್ನದು ನಿಮ್ಮಷ್ಟೇ ಜ್ಞಾನ, ಮೈಕ್ರೋಮೀಟರು ವರ್ನಿಯರ್ ವಿಷಯದಲ್ಲಿ ಸ್ವಲ್ಪ ಜಾಸ್ತಿ. ನಮ್ಮಲ್ಲಿ ವರ್ಷಕ್ಕೊಮ್ಮೆ ಅಳತೆಯ ಸಾಮಾನನ್ನೆಲ್ಲ ಕ್ಯಾಲಿಬ್ರೇಶನ್ನಿಗೆ ಕಳಿಸ್ತೀವಿ. ಕೆಲವು ವರ್ಷದ ಹಿಂದೆ ಪರ್ಚೇಸ್ ವಿಭಾಗದವರು ಅರ್ಧ ರೇಟಿಗೆ ಮಾಡಿಕೊಡುವ ಲ್ಯಾಬೊಂದನ್ನು ಹುಡುಕಿದರು. ಮಾನ್ಯತೆ ಇರಲಿಲ್ಲ. ಆದರೆ ಲೆಟರ್‌ಹೆಡ್ಡಿನಲ್ಲಿ 'ರಾಷ್ಟ್ರೀಯ ಮಾನಕಗಳಿಗೆ ಟ್ರೇಸಬಲ್' ಅಂತ ದಪ್ಪಕ್ಷರದಲ್ಲಿತ್ತು. ಬೆಳಿಗ್ಗೆ ನಲವತ್ತು ಸಾಮಾನು ತೆಗೆದುಕೊಂಡು ಹೋದರು, ಮರುದಿನ ಮಧ್ಯಾಹ್ನ ನಲವತ್ತಕ್ಕೂ ಸರ್ಟಿಫಿಕೇಟು, ನಲವತ್ತಕ್ಕೂ ಸ್ಟಿಕ್ಕರ್. ಅದರಲ್ಲಿ ಒಂದು ಡಿಜಿಟಲ್ ವರ್ನಿಯರ್ ಬ್ಯಾಟರಿ ಸತ್ತು ಬಿದ್ದಿದ್ದು ಹಾಗೇ ಪೆಟ್ಟಿಗೆಯಲ್ಲಿ ಸೇರಿ ಹೋಗಿತ್ತು. ವಾಪಸ್ ಬಂದಾಗಲೂ ಬ್ಯಾಟರಿ ಸತ್ತೇ ಇತ್ತು. ಸರ್ಟಿಫಿಕೇಟಿನಲ್ಲಿ ಮಾತ್ರ ಹತ್ತು ರೀಡಿಂಗು, ಎಲ್ಲದರ ಮುಂದೆ ದೋಷ 0.00!

ಆ ಲ್ಯಾಬಿನವನನ್ನು ಬೈಯೋದು ಸುಲಭ. ನಾನು ಬೈದೆ ಕೂಡ. ಆದರೆ ಅವನ ಕಡೆಯಿಂದ ಯೋಚಿಸಿ. ಅವನ ಹತ್ತಿರ ಬರುವ ಗಿರಾಕಿಗಳಲ್ಲಿ ಅಳತೆ ಕೇಳುವವರು ಎಷ್ಟು ಜನ? ಎಲ್ಲರಿಗೂ ಬೇಕಾದದ್ದು ಆಡಿಟ್ ದಿನ ತೋರಿಸೋಕೆ ಒಂದು ಕಾಗದ. ಆಡಿಟರ್ ಬಂದು ಸ್ಟಿಕ್ಕರಿನ ಮೇಲಿನ ತಾರೀಕು ನೋಡ್ತಾನೆ, ಮುಗಿದಿಲ್ಲ ಅಂತ ಟಿಕ್ ಹಾಕ್ತಾನೆ, ಚಹಾ ಕುಡಿದು ಹೋಗ್ತಾನೆ. ಸರ್ಟಿಫಿಕೇಟಿನೊಳಗೆ ಏನು ಬರೆದಿದೆ ಅಂತ ಓದಿದ ಆಡಿಟರನ್ನು ನನ್ನ ಸರ್ವಿಸಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ನೋಡಿದ್ದೇನೆ. ಕಾಗದ ಕೇಳಿದವರಿಗೆ ಕಾಗದ ಸಿಗುತ್ತೆ, ಅದೂ ಅರ್ಧ ರೇಟಿಗೆ.

ನಿಜವಾಗಿ ಅಳೆಯೋದು ಅಂದರೆ ಎಷ್ಟು ತಾಪತ್ರಯದ ಕೆಲಸ ಗೊತ್ತಾ? ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿಕೊಂಡ ಉಷ್ಣಾಂಶ 20 ಡಿಗ್ರಿ. ನೂರು ಮಿಲಿಮೀಟರಿನ ಉಕ್ಕಿನ ತುಂಡು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತೆ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಮ್ಮಿ, ಆದರೆ ನಮ್ಮ ಕೆಲವು ಪಾರ್ಟುಗಳ ಟಾಲರೆನ್ಸೇ ಅಷ್ಟಿರುತ್ತೆ. ಮೈಕ್ರೋಮೀಟರೂ ಉಕ್ಕು, ಪಾರ್ಟೂ ಉಕ್ಕು, ಎರಡೂ ಒಟ್ಟಿಗೆ ಬಿಸಿಯಾದರೆ ಹೆಚ್ಚೂಕಡಿಮೆ ಒಂದಕ್ಕೊಂದು ಸರಿಹೋಗುತ್ತೆ. ಪಾರ್ಟು ಅಲ್ಯೂಮಿನಿಯಂ ಆದರೆ ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತೆ, ಲೆಕ್ಕ ತಪ್ಪುತ್ತೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಛಾವಣಿ ಕೆಳಗೆ ಅಳೆದು ಪಾಸ್ ಮಾಡಿದ ಅಲ್ಯೂಮಿನಿಯಂ ಪಾರ್ಟು ಗಿರಾಕಿಯ ಏಸಿ ರೂಮಿನಲ್ಲಿ ಯಾಕೆ ರಿಜೆಕ್ಟ್ ಆಗುತ್ತೆ ಅಂತ ನಮ್ಮ ಹುಡುಗರಿಗೆ ವಿವರಿಸೋಷ್ಟರಲ್ಲಿ ಸಾಕಾಗುತ್ತೆ. ಒಳ್ಳೆಯ ಕ್ಯಾಲಿಬ್ರೇಶನ್ ಲ್ಯಾಬಿನವರು ಸಾಮಾನು ಬಂದ ತಕ್ಷಣ ಮುಟ್ಟುವುದೇ ಇಲ್ಲ. ಒರೆಸಿ, ಗ್ರಾನೈಟ್ ಮೇಜಿನ ಮೇಲಿಟ್ಟು ರೂಮಿನ ಉಷ್ಣಾಂಶಕ್ಕೆ ಬರಲಿ ಅಂತ ಕಾಯ್ತಾರೆ. ಆ ಕಾಯುವಿಕೆಗೆ ನಾವು ದುಡ್ಡು ಕೊಡಬೇಕು. 'ನಲವತ್ತು ಸಾಮಾನಿಗೆ ಎರಡು ವಾರ ಯಾಕ್ರೀ' ಅಂತ ನಮ್ಮ ಪರ್ಚೇಸ್‌ನವರು ಕೂಗಾಡ್ತಾರೆ.

ಈಗ ಇನ್ನೊಂದು ಪಕ್ಷದ ಮಾತು. ಮಾನ್ಯತೆ ಪಡೆಯೋದು ಸಣ್ಣವರಿಗೆ ನಿಜಕ್ಕೂ ಭಾರ. ಅರ್ಜಿ ಶುಲ್ಕ, ತಪಾಸಣೆಗೆ ಬರುವವರ ಖರ್ಚು, ಹೋಲಿಕೆ ಪರೀಕ್ಷೆಗಳ ಶುಲ್ಕ, ಇದನ್ನೆಲ್ಲ ಬರೆಯೋಕೆ ಒಬ್ಬ ಮನುಷ್ಯ. ಸ್ಕೋಪಿನಲ್ಲಿ ಒಂದೊಂದು ಪರೀಕ್ಷೆ ಸೇರಿಸಿದಷ್ಟೂ ಕೆಲಸ ಜಾಸ್ತಿ. ತಾಲ್ಲೂಕು ಊರಿನಲ್ಲಿ ಒಬ್ಬ ಟೆಕ್ನಿಷಿಯನ್ ಇಟ್ಟುಕೊಂಡು ನಡೆಸುವ ಲ್ಯಾಬಿಗೆ ಇದು ಸುಲಭವಲ್ಲ. ಹಾಗಂತ ಎಲ್ಲ ಲ್ಯಾಬಿಗೂ ನಾಳೆಯಿಂದಲೇ ಕಡ್ಡಾಯ ಮಾಡಿ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಕಡ್ಡಾಯ ಮಾಡಿದ ದಿನವೇ ಸಣ್ಣ ಊರಿನ ಲ್ಯಾಬುಗಳು ಬಾಗಿಲು ಹಾಕ್ತವೆ, ಇಲ್ಲವೇ ದೊಡ್ಡ ಕಂಪನಿಗಳ ಸ್ಯಾಂಪಲ್ ಸಂಗ್ರಹಿಸುವ ಕೌಂಟರ್ ಆಗ್ತವೆ, ಇಲ್ಲವೇ ಮೇಲೆ ಹೇಳಿದ ಸ್ಟಿಕ್ಕರ್ ವ್ಯಾಪಾರ ಮಾನ್ಯತೆಗೂ ಹಬ್ಬುತ್ತೆ. ಆದರೆ ಯಾರನ್ನೋ ಜೈಲಿಗೆ ಹಾಕೋಕೆ, ಯಾರದ್ದೋ ಅಂಗಡಿ ಮುಚ್ಚಿಸೋಕೆ, ಒಂದು ಊರಿನ ಬೋರ್‌ವೆಲ್ ನೀರು ಕುಡಿಯಬಹುದು ಅಂತ ಹೇಳೋಕೆ ಬಳಸುವ ಅಂಕಿ ಬರುವ ಲ್ಯಾಬು ಇದೆಯಲ್ಲ, ಅಲ್ಲಿ ರಾಜಿ ಇರಬಾರದು. ಸರ್ಕಾರದ್ದೇ ಲ್ಯಾಬು ಅನ್ನೋ ಕಾರಣಕ್ಕೆ ವಿನಾಯಿತಿ ಅಂತೂ ಖಂಡಿತ ಬೇಡ. ಮ್ಯಾಗಿ ಪ್ರಕರಣದಲ್ಲಿ ಮುಗ್ಗರಿಸಿದ್ದು ಸರ್ಕಾರವೇ ತಾನೆ? ಆಸ್ಟ್ರೇಲಿಯಾದವರು 1947ರಲ್ಲೇ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡರು, ಯುದ್ಧಕಾಲದಲ್ಲಿ ಪರೀಕ್ಷೆಯ ಸೌಕರ್ಯಕ್ಕೆ ಪರದಾಡಿದ ಮೇಲೆ. ನಮ್ಮ ಎನ್‌ಎಬಿಎಲ್ 2000ದಲ್ಲೇ ಅಂತಾರಾಷ್ಟ್ರೀಯ ಪರಸ್ಪರ ಒಪ್ಪಂದಕ್ಕೆ ಸಹಿ ಹಾಕಿತು. ಹೊರದೇಶಕ್ಕೆ ಹೋಗುವ ಸಿಗಡಿಗೆ, ಮೆಣಸಿಗೆ ಇಷ್ಟೆಲ್ಲ ಕಾಳಜಿ ಮಾಡ್ತೀವಿ. ನಾವು ತಿನ್ನೋದಕ್ಕೆ ಮಾತ್ರ 'ನಡೆಯುತ್ತೆ ಬಿಡಿ'.

ಈಗ ಮೂರನೆಯ ಸಂಗತಿ. ಯಾವ ಅಳತೆಯೂ ಒಂದೇ ಅಂಕಿ ಅಲ್ಲ. ಪ್ರತಿ ಅಂಕಿಗೂ ಎರಡೂ ಕಡೆ ಒಂದಿಷ್ಟು ಜಾಗ ಬೇಕು. ಸೀಸದ ಮಿತಿ 2.5, ಲ್ಯಾಬಿನ ಉತ್ತರ 2.6 ಅಂತಿಟ್ಟುಕೊಳ್ಳಿ. ಆ ಲ್ಯಾಬಿನ ಅಳತೆ 0.3ರಷ್ಟು ಆಚೀಚೆ ಆಗಬಹುದಾದರೆ ನಿಜವಾದ ಬೆಲೆ 2.3ರಿಂದ 2.9ರ ನಡುವೆ ಎಲ್ಲೋ ಇದೆ. ಮಿತಿ ಮೀರಿದೆಯಾ? ಗೊತ್ತಿಲ್ಲ ಅನ್ನೋದೇ ಪ್ರಾಮಾಣಿಕ ಉತ್ತರ. ಇಂಥ ಸಂದರ್ಭದಲ್ಲಿ ಪಾಸೋ ಫೇಲೋ ಅಂತ ಯಾವ ನಿಯಮದ ಮೇಲೆ ತೀರ್ಮಾನಿಸುತ್ತೀರಿ ಅಂತ ಮೊದಲೇ ಹೇಳಿಕೊಂಡಿರಬೇಕು ಅಂತ 2017ರ ಆವೃತ್ತಿ ಲ್ಯಾಬುಗಳಿಗೆ ಹೇಳುತ್ತೆ.

ಮೂರು ತಿಂಗಳ ಸಕ್ಕರೆ ಅಂತಾರಲ್ಲ, ಎಚ್‌ಬಿಎ1ಸಿ, ಅದರಲ್ಲಿ 6.5 ದಾಟಿದರೆ ಸಕ್ಕರೆ ಕಾಯಿಲೆ ಅಂತ ಗೆರೆ ಹಾಕಿದ್ದಾರೆ. ಒಂದು ಲ್ಯಾಬಿನಲ್ಲಿ 6.6, ಇನ್ನೊಂದರಲ್ಲಿ 6.3 ಬಂದರೆ ಮನೆಯವರೆಲ್ಲ ಸೇರಿ 'ಯಾವ ಲ್ಯಾಬು ಕಳ್ಳ' ಅಂತ ಹುಡುಕೋಕೆ ಶುರು ಮಾಡ್ತಾರೆ. ಇಬ್ಬರೂ ಕಳ್ಳರಲ್ಲದೆ ಇರಬಹುದು. ಎರಡೂ ತಮ್ಮ ತಮ್ಮ ಮಿತಿಯೊಳಗೆ ಸರಿಯೇ ಇರಬಹುದು. ಆದರೆ ರಿಪೋರ್ಟಿನಲ್ಲಿ ಆ ಆಚೀಚೆ ಎಷ್ಟು ಅಂತ ಅಚ್ಚು ಹಾಕುವವರು ಅಪರೂಪ. ಕೇಳಿದರೆ ಮಾನ್ಯತೆ ಪಡೆದ ಲ್ಯಾಬಿನವರು ಹೇಳಲೇಬೇಕು, ಅವರ ಹತ್ತಿರ ಲೆಕ್ಕ ಇರುತ್ತೆ. ಕೌಂಟರಿನಲ್ಲಿ ಕೂತ ಹುಡುಗಿಗೆ ಪ್ರಶ್ನೆ ಅರ್ಥವಾಗದಿದ್ದರೆ ಬೇಜಾರು ಮಾಡ್ಕೋಬೇಡಿ, ಒಳಗಿರುವ ಡಾಕ್ಟರನ್ನು ಕೇಳಿ. ಜೊತೆಗೆ ಈ ಪರೀಕ್ಷೆ ನಿಮ್ಮ ಸ್ಕೋಪಿನಲ್ಲಿದೆಯಾ, ಇಲ್ಲೇ ಮಾಡ್ತೀರಾ ಅಥವಾ ಬೇರೆ ಕಡೆ ಕಳಿಸ್ತೀರಾ ಅಂತಲೂ ಕೇಳಿ. ಮಾನ್ಯತೆ ಸಂಖ್ಯೆಯನ್ನೂ ನೋಡಿಕೊಳ್ಳಿ. ವೈದ್ಯಕೀಯ ಲ್ಯಾಬಿನದಾದರೆ ಎಂಸಿ ಅಂತ, ಪರೀಕ್ಷಾ ಲ್ಯಾಬಿನದಾದರೆ ಟಿಸಿ ಅಂತ, ಕ್ಯಾಲಿಬ್ರೇಶನ್ನಿನದಾದರೆ ಸಿಸಿ ಅಂತ ಶುರುವಾಗುತ್ತೆ. ಕೇಳಿದಾಗ ಮುಖ ಸಿಂಡರಿಸುವ ಲ್ಯಾಬು, ಖುಷಿಯಾಗಿ ಕೂರಿಸಿ ಹೇಳುವ ಲ್ಯಾಬು, ಎರಡನ್ನೂ ನಾನು ನೋಡಿದ್ದೇನೆ. ಎಲ್ಲಿಗೆ ಮತ್ತೆ ಹೋಗಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಇನ್ನು ಬ್ಲಾಗಿಗ ಗೆಳೆಯರಿಗೆ ಒಂದು ಕೆಲಸ. ನಾನು ಇಷ್ಟುದ್ದಕ್ಕೂ 'ಆಚೀಚೆ' ಅಂತ ಬರೆದದ್ದಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ 'ಅನಿಶ್ಚಿತತೆ' ಅಂತಾರೆ. ಆ ಪದ ಕೇಳಿದ ಕೂಡಲೇ ಜನಕ್ಕೆ ಇವನಿಗೇ ಗ್ಯಾರಂಟಿ ಇಲ್ಲ ಅನ್ನಿಸಿಬಿಡುತ್ತೆ. ಇರುವ ಅರ್ಥ ಉಲ್ಟಾ. ತನ್ನ ಅಳತೆ ಎಷ್ಟರಮಟ್ಟಿಗೆ ನೆಚ್ಚಬಹುದು ಅಂತ ಲೆಕ್ಕ ಹಾಕಿ ಹೇಳಿದವನ ಗುಣ ಅದು. 'ಹೆಚ್ಚುಕಮ್ಮಿ' ಅಂತ ಬರೆದು ನೋಡಿದೆ. ಆದರೆ ನಮ್ಮ ಕಡೆ 'ಏನೋ ಹೆಚ್ಚುಕಮ್ಮಿ ಆಯ್ತು' ಅಂದರೆ ಎಡವಟ್ಟು ಆಯ್ತು ಅಂತಲೇ ಅರ್ಥ. ಧಾರವಾಡ, ಮಂಗಳೂರು ಕಡೆಯವರ ಹತ್ತಿರ ಒಳ್ಳೆಯ ಪದ ಇರಬಹುದು, ಅಕ್ಕಸಾಲಿಗರು ತೂಗುವಾಗ ಏನಾದರೂ ಹೇಳ್ತಿರಬಹುದು. ಹೊಳೆದರೆ ಕಮೆಂಟು ಹಾಕಿ. ಕ್ಯಾಲಿಬ್ರೇಶನ್ನಿಗೆ 'ಮಾಪನಾಂಕ ನಿರ್ಣಯ' ಅನ್ನೋರ ಜೊತೆ ಜಗಳ ಇನ್ನೊಂದು ದಿನ ಆಡ್ತೀನಿ.